ಎಡಗೈಗೆ ಜಾಗವಿಲ್ಲ

ಗುರುವಾರ ಸಂಜೆ ನಾಲ್ಕು ಗಂಟೆಗೆ ಸ್ಟುಡಿಯೋದ ದಪ್ಪ ಬಾಗಿಲು ತಳ್ಳಿಕೊಂಡು ಬಂದ ಸುಮಿರೆ, ಬೆನ್ನ ಮೇಲಿದ್ದ ಗಿಟಾರು ಇಳಿಸುವ ಮೊದಲೇ ಸೊಂಟ ಬಗ್ಗಿಸಿ ಒಬ್ಬೊಬ್ಬರಿಗೂ ಬೆಳಗಿನ ನಮಸ್ಕಾರ ಹೇಳಿದಳು. ವಾದ್ಯದವರಲ್ಲಿ ದಿನದ ಮೊದಲ ಭೇಟಿ ಎಷ್ಟು ಹೊತ್ತಿಗಾದರೂ ಅದು ಬೆಳಗ್ಗೆಯೇ. ಡ್ರಮ್ಮಿನ ಹಿಂದಿದ್ದ ದೈಗೊ ಕಡ್ಡಿ ಎತ್ತಿ ಉತ್ತರ ಕೊಟ್ಟ. ಬೇಸ್ ಗಿಟಾರಿನ ಇಸಾಮು ಎಂದಿನಂತೆ ತಲೆ ಮಾತ್ರ ಆಡಿಸಿದ. ಮೈಕಿನ ವೈರು ಬಿಡಿಸುತ್ತಿದ್ದ ಹಾಡುಗಾರ ಕಾನಾಮೆ ತಿರುಗಿ ನೋಡಿ, "ಬಾ ಸುಮಿರೆ, ನಿನ್ನ ದಾರೀನೇ ಕಾಯ್ತಿದ್ವಿ" ಎಂದ.

ಕೀಬೋರ್ಡಿನ ಮುಂದಿದ್ದ ಮಿನೋರಿಯ ಬೆರಳುಗಳು ನಿಂತವು.

ಬಾ ಸುಮಿರೆ! ಹೆಸರಿನ ಕೊನೆಗೆ ಗೌರವದ ಸಾನ್ ಇಲ್ಲ, 'ಬನ್ನಿ' ಇಲ್ಲ. ಈ ಹುಡುಗಿ ಬಂದು ಮೂರು ವಾರವಷ್ಟೇ ಆಗಿತ್ತು. ಹೋದ ಗುರುವಾರದವರೆಗೂ ಅವಳು ಎಲ್ಲರ ಬಾಯಲ್ಲಿ ಮನೆತನದ ಹೆಸರಿನ ಓಚಿಯಾಯಿ ಸಾನ್. ಮಿನೋರಿಯನ್ನು ಇದೇ ಕಾನಾಮೆ ಎರಡು ವರ್ಷ ಹೊತ್ತಾ ಸಾನ್ ಎಂದೇ ಕರೆದಿದ್ದ. ಅವಳಿಗಾಗ ಹದಿನೇಳು, ಹೈಸ್ಕೂಲು ಅರ್ಧಕ್ಕೆ ಬಿಟ್ಟು ಈ ತಂಡ ಸೇರಿದ್ದಳು. ಒಮ್ಮೆ ಹೆದ್ದಾರಿಯಲ್ಲಿ ವ್ಯಾನಿನ ಟಯರು ಒಡೆದು ಎಲ್ಲರೂ ಕೆಳಗಿಳಿದಾಗ, "ಮಿನೋರಿ, ಆ ಕಡೆ ಹೋಗ್ಬೇಡ, ಲಾರಿ ಬರ್ತಿದೆ!" ಎಂದು ಕೂಗಿದ್ದ. ಅಂದಿನಿಂದ ಅವಳು ಮಿನೋರಿ. ಆ ಒಂದು ಕೂಗಿಗೆ ಎರಡು ವರ್ಷ ಕಾದಿದ್ದ ಮಿನೋರಿ, ಈ ಸುಮಿರೆ ಮೂರೇ ವಾರದಲ್ಲಿ, ಅದೂ ಲಾರಿಯ ಹಂಗಿಲ್ಲದೆ, ಅದನ್ನು ಪಡೆದದ್ದು ನೋಡಿದಳು. 

ದೈಗೊನ ತಾಯಿ ಹತ್ತಿರದಲ್ಲೇ ಕಾಫಿ ಅಂಗಡಿ ನಡೆಸುತ್ತಿದ್ದರು. ಪ್ರತಿ ಪ್ರಾಕ್ಟೀಸಿಗೂ ಅವನು ಬೆಣ್ಣೆಯ ಮೇಲೆ ಕೆಂಪುಕಾಳಿನ ಹೂರಣ ಹಚ್ಚಿದ ದಪ್ಪ ಟೋಸ್ಟನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. ಅಂಚಿನ ಗರಿಗರಿ ತುಂಡು ಮಿನೋರಿಯದು ಎಂಬುದು ತಂಡದ ಹಳೆಯ ಕಟ್ಟಳೆ. ಇವತ್ತು ಅವನು ಆ ತುಂಡನ್ನು ನೇರವಾಗಿ ಸುಮಿರೆಯ ಮುಂದೆ ಹಿಡಿದ.

"ತಗೋ ಸುಮಿರೆ ಚಾನ್. ಏಳು ತಂತಿ ಎಳೆಯೋಕೆ ಶಕ್ತಿ ಬೇಕಲ್ಲ." ಅವನ ಬಾಯಲ್ಲೂ ಸಾನ್ ಹೋಗಿ ಮುದ್ದಿನ ಚಾನ್ ಬಂದಿತ್ತು.

"ಅಯ್ಯೋ, ಅದು ಹೊತ್ತಾ ಸಾನ್ ಅವರದಲ್ವಾ?"

"ಅವಳಿಗೆ ಈಗ ಒಂದೇ ಕೈ ಕೆಲಸ. ಮಧ್ಯದ ಮೆತ್ತನೆ ತುಂಡು ಸಾಕು."

ದೈಗೊ ನಕ್ಕ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ. ಅವನು ತನ್ನ ತಾಯಿಯನ್ನೂ ಹೀಗೇ ಗೇಲಿ ಮಾಡುವವನು. ಮಿನೋರಿಯೂ ನಕ್ಕಳು. ಹೂರಣ ನಾಲಿಗೆಗೆ ಹತ್ತಲಿಲ್ಲ.

ಒಂದೇ ಕೈ ಎಂಬ ಮಾತು ಹುಟ್ಟಿದ್ದು ಹೀಗೆ. ತಂಡದ ಹೆಸರು ಹಿದಾಮರಿ, ಅಂದರೆ ಬಿಸಿಲು ಬೀಳುವ ಬೆಚ್ಚನೆಯ ಮೂಲೆ. ಹೆಸರಿಗೆ ತಕ್ಕಂತೆ ಹಾಡುಗಳೂ ಇದ್ದವು. ಒಂಬತ್ತು ವರ್ಷದ ಹಿಂದೆ 'ಮೂರೂವರೆ ಬಸ್ಸು' ಎಂಬ ಹಾಡು ತಂಪು ಚಹಾದ ಜಾಹೀರಾತೊಂದಕ್ಕೆ ಹೋಗಿ, ಅಲ್ಲಿಂದ ಕ್ಷೌರದಂಗಡಿ, ಶಾಲೆಯ ಬೀಳ್ಕೊಡುಗೆ, ಮದುವೆ ಊಟ, ಎಲ್ಲಿ ಬೇಕಾದರೂ ಕೇಳುವಂತಾಗಿತ್ತು. ಅದರ ತಾಳದ ಮೊದಲ ಎಂಟು ಸುತ್ತು ಬರೀ ಪಿಯಾನೋ. ಒಂದು ಸುತ್ತು ಮುಗಿಯುವ ಮೊದಲೇ ಸಭಾಂಗಣದಲ್ಲಿ ಕೈಗಳು ಏಳುತ್ತಿದ್ದವು. ಜನ ಗುನುಗುತ್ತಿದ್ದದ್ದು ಬಲಗೈಯ ರಾಗವನ್ನು. ಅದನ್ನು ಹೊತ್ತು ನಡೆಸುತ್ತಿದ್ದದ್ದು ಎಡಗೈ. ಹಳೆಯ ಬಸ್ಸು ಏರು ಹತ್ತುವಾಗ ಗುಡುಗುಡು ಎನ್ನುತ್ತದಲ್ಲ, ಹಾಗೆ ಒಂದು ಹೆಜ್ಜೆ ಕುಂಟುತ್ತ ಕೀಬೋರ್ಡಿನ ಕೆಳಗಿನ ಮನೆಗಳಲ್ಲಿ ಓಡುವ ಐದು ಸ್ವರಗಳು. ಮಿನೋರಿ ಅದನ್ನು ಕಟ್ಟಲು ಒಂದು ಚಳಿಗಾಲ ಪೂರ್ತಿ ತೆಗೆದುಕೊಂಡಿದ್ದಳು. ಅದು ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ತಾನಾಗಿಯೇ ಗಮನಿಸಲಿ ಎಂದು ಅವಳಿಗೆ ಆಸೆ. ಬಾಯಿಬಿಟ್ಟು ಹೇಳಿಕೊಳ್ಳುವ ಜಾಯಮಾನ ಅವಳದಲ್ಲ.

ಈ ವರ್ಷ ಕಾನಾಮೆಗೆ ಮೂವತ್ತೆರಡು ತುಂಬಿತು. ಮೇಲಿನ ಸ್ವರಗಳಲ್ಲಿ ಗಂಟಲು ಕೈಕೊಡತೊಡಗಿತ್ತು. "ಒಂಬತ್ತು ವರ್ಷ ಜನಕ್ಕೆ ಸಕ್ಕರೆ ನೀರು ಕುಡಿಸಿದೀವಿ. ಈಗ ನನಗೇ ವಾಕರಿಕೆ" ಎಂದು ಒಂದು ದಿನ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ. "ಶ್ರುತಿ ಇಳಿಸೋಣ. ಕೇಳಿದವರ ಎದೆಗೆ ಗುದ್ದಿದ ಹಾಗಾಗ್ಬೇಕು." ಹಾಡು ಹೊರತರುವ ಕಂಪನಿಯವರು ಮೊದಲು ಹೌಹಾರಿದರು, ಆಮೇಲೆ ಹೊಸ ಹಾಡು ಕೇಳಿ ಸುಮ್ಮನಾದರು. ಗುದ್ದುವ ಸದ್ದಿಗೆ, ಮಾಮೂಲಿ ಆರರ ಜೊತೆ ಇನ್ನೊಂದು ದಪ್ಪ ತಂತಿ ಇರುವ ಏಳು ತಂತಿಯ ಗಿಟಾರು ಬೇಕು, ಅದನ್ನು ನುಡಿಸುವ ಕೈ ಬೇಕು. ಹಾಗಾಗಿ ಗಿಫು ಕಡೆಯಿಂದ ಇಪ್ಪತ್ತೆರಡರ ಸುಮಿರೆ ಬಂದಳು. ಸಪೋರ್ಟ್ ಎಂದು ಬಂದಳು. ಸಪೋರ್ಟ್ ಎಂದರೆ ತಂಡದ ಜೊತೆ ನುಡಿಸುವವಳು, ತಂಡದವಳಲ್ಲ. ವೇದಿಕೆಯ ಮೇಲೆ ಅರ್ಧ ಹೆಜ್ಜೆ ಹಿಂದೆ, ಬೆಳಕಿನ ಅಂಚಿನಾಚೆ ನಿಲ್ಲಬೇಕು. ತಂಡದ ಫೋಟೋದಲ್ಲಿ ಇರುವಂತಿಲ್ಲ. ಬಂದವರಿಗೂ ಕರೆಸಿದವರಿಗೂ ಗೊತ್ತಿರುವ ರಿವಾಜು ಅದು.

ಮೊದಲ ವಾರವೇ ಸೌಂಡು ನೋಡಿಕೊಳ್ಳುವ ನಿಶಿಗಾಕಿ ಸಾನ್ ಗಾಜಿನ ಆಚೆಯಿಂದ ಮೈಕಿನ ಗುಂಡಿ ಒತ್ತಿ, "ಹೊತ್ತಾ ಸಾನ್, ಎಡಗೈ ತೆಗೀರಿ" ಎಂದಿದ್ದರು.

"ತಪ್ಪು ನುಡಿಸಿದ್ನಾ?"

"ತಪ್ಪಲ್ಲಮ್ಮ. ಕೆಳಗಡೆ ಈಗ ಜಾಗ ಇಲ್ಲ. ಆ ಹುಡುಗೀದು ದಪ್ಪ ತಂತಿ ಅಲ್ಲಿದೆ, ಪಕ್ಕದಲ್ಲಿ ಇಸಾಮು ಕೂತಿದಾನೆ. ಮೂರನೆಯವರು ಇಳಿದ್ರೆ ಬರೀ ಕೆಸರು. ನೀವು ಮೇಲೇ ಇರಿ. ಬಲಗೈ ಸಾಕು."

ಮಿನೋರಿ ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಮದುವೆ ಮನೆಯಲ್ಲಿ ಯಾರೂ ಮಣೆ ಹಾಕದ ನೆಂಟನ ಹಾಗೆ ಅದು ಅಲ್ಲೇ ಕೂತಿತು. ಹಾಡು ಮುಗಿದ ಮೇಲೆ ಸುಮಿರೆ ಬಂದು ತಲೆಬಾಗಿ, "ನನ್ನಿಂದ ನಿಮಗೆ ತೊಂದರೆಯಾಯ್ತು, ಕ್ಷಮಿಸಬೇಕು" ಎಂದಳು. ಅವಳು ಸೊಕ್ಕಿನಿಂದ ನಡೆದುಕೊಂಡಿದ್ದರೆ ಮಿನೋರಿಗೆ ಎಷ್ಟೋ ಹಗುರವಾಗುತ್ತಿತ್ತು. ಇಷ್ಟು ಚೆನ್ನಾಗಿ ಬಗ್ಗುವವಳನ್ನು ಬಯ್ಯುವುದಾದರೂ ಹೇಗೆ?

ಟೋಸ್ಟು ತಿಂದು ಕೈ ಒರೆಸಿಕೊಳ್ಳುತ್ತ ದೈಗೊ ಕೇಳಿದ, "ಸೋಮವಾರ ಫೋಟೋ ಅಲ್ವಾ? ನಾಲ್ಕು ಜನಾನಾ, ಐದು ಜನಾನಾ? ನಾನು ಹೊಟ್ಟೆ ಒಳಗೆ ಎಳ್ಕೋಬೇಕಾ ಬೇಡ್ವಾ ಅನ್ನೋದು ಅದರ ಮೇಲೆ ನಿಂತಿದೆ."

ಕಾನಾಮೆ ಸುಮಿರೆಯ ಕಡೆ ನೋಡಿದ. "ಶನಿವಾರ ಗೊತ್ತಾಗುತ್ತೆ. 'ಮೂರೂವರೆ ಬಸ್ಸು' ಹೊಸ ಥರ ಮಾಡೋಣ. ಅದನ್ನ ಕೈಬಿಟ್ರೆ ಜನ ಕಲ್ಲು ಹೊಡೀತಾರೆ, ಹಳೇ ಥರ ಹಾಡಿದ್ರೆ ನಾನೇ ಹೊಡ್ಕೊಳ್ತೀನಿ. ಶುರು ಗಿಟಾರಿಗೆ. ಸುಮಿರೆ, ಎಂಟು ಸುತ್ತು ನಿಂದೇ. ಏನಾದ್ರೂ ಕಟ್ಕೊಂಡು ಬಾ. ಸರಿಬಂದ್ರೆ ಫೋಟೋಗೆ ಐದು ಜನ."

ಸುಮಿರೆಯ ಕಿವಿ ಕೆಂಪಗಾಯಿತು. ಅವಳು ಮತ್ತೆ ಬಗ್ಗಿದಳು, ಈ ಸಲ ತುಸು ಹೆಚ್ಚೇ ಹೊತ್ತು.

"ಪಿಯಾನೋ?" ಎಂದಳು ಮಿನೋರಿ. ದನಿ ತನಗೇ ಕೇಳಿಸಲಿಲ್ಲವೆಂದು ಮತ್ತೊಮ್ಮೆ, "ಶುರೂನಲ್ಲಿ ಪಿಯಾನೋ ಇಲ್ವಾ?" ಎಂದಳು.

"ಮಧ್ಯದಲ್ಲಿ ಎಲ್ಲಾದ್ರೂ ಬರುತ್ತೆ. ಇಲ್ದಿದ್ರೆ ರೆಕಾರ್ಡ್ ಮಾಡಿಟ್ಟು ಹಿಂದೆ ಓಡಿಸೋಣ. ಕಂಪನಿಯವರೂ ಅದನ್ನೇ ಹೇಳ್ತಿದಾರೆ."

"ಮತ್ತೆ ನಾನು?"

"ನೀನು ಇರ್ತೀಯಲ್ಲ, ಮಿನೋರಿ. ನೀನೆಲ್ಲಿಗೆ ಹೋಗ್ತೀಯ?"

ಅವನು ಸಮಾಧಾನ ಹೇಳಿದೆನೆಂದೇ ತಿಳಿದಿದ್ದ. ಮಿನೋರಿ ಅದನ್ನು ಮನಸ್ಸಿನಲ್ಲಿ ತಿರುವಿ ನೋಡಿದಳು. ಫೋಟೋದಲ್ಲಿ ತಾನು ಇರುತ್ತೇನೆ, ಹಾಡಿನಲ್ಲಿ ಇರುವುದಿಲ್ಲ. ಹಾಡಿನಲ್ಲಿ ಇರುವವಳು ಈಗ ಫೋಟೋಗೂ ಬರುತ್ತಾಳೆ. ಮುಂದಿನ ವರ್ಷ ಫೋಟೋ ತೆಗೆಯುವವನು 'ಈಕೆ ಏನು ನುಡಿಸ್ತಾರೆ?' ಎಂದು ಕೇಳಿದರೆ ಯಾರು ಏನು ಹೇಳುತ್ತಾರೆ?

ಹೊರಗಿನಿಂದ ಬಂದವರಿಗೆ ಹಾಡು ಕಳಿಸುವ ಕೆಲಸ ಮೊದಲಿನಿಂದಲೂ ಮಿನೋರಿಯದು. ಯಾವ ಹಾಡಿನ ಎಷ್ಟನೆಯ ರೂಪ ಯಾವ ದಿನದ್ದು ಎಂದು ಅವಳಷ್ಟು ಅಚ್ಚುಕಟ್ಟಾಗಿ ಇಟ್ಟವರಿಲ್ಲ. 'ಮೂರೂವರೆ ಬಸ್ಸು' ಹಾಡಿನ ಹೊಸ ರೂಪವನ್ನು ಅವಳೂ ಕಾನಾಮೆಯೂ ಬುಧವಾರವಷ್ಟೇ ಕಲಿಯುವವರ ಅನುಕೂಲಕ್ಕೆಂದು ರೆಕಾರ್ಡ್ ಮಾಡಿದ್ದರು. ಅದರಲ್ಲಿ ಹಾಡಿನ ಶ್ರುತಿ ಮೂರು ಮನೆ ಕೆಳಗಿಳಿದಿತ್ತು. ನಿಶಿಗಾಕಿ ಸಾನ್ ಮರೆಯದೆ ಎಡಗೈಯನ್ನು ಅಳಿಸಿ ಹಾಕಿದ್ದರು.

ಅಂದು ರಾತ್ರಿ ಮನೆಯಲ್ಲಿ ಅನ್ನಕ್ಕೆ ಇಟ್ಟು ಅವಳು ಕಂಪ್ಯೂಟರ್ ತೆರೆದಳು. ಹೊಸದು ಮೇಲಿತ್ತು. ಅದರ ಕೆಳಗೆ, ಒಂಬತ್ತು ವರ್ಷದಿಂದ ಯಾರೂ ಮುಟ್ಟದ ಹಳೆಯದು. ಬೆರಳು ಮೊದಲು ಹೊಸದರ ಮೇಲೆ ಹೋಯಿತು. 'ಬಾ ಸುಮಿರೆ' ಎಂಬ ದನಿ ಕಿವಿಯಲ್ಲಿ ಕೇಳಿತು. ಬೆರಳು ಕೆಳಗಿಳಿಯಿತು. ಹಳೆಯ ಶ್ರುತಿಯಲ್ಲಿ ಕಲಿತು ಬಂದು ಎಲ್ಲರ ಮುಂದೆ ಅಪಸ್ವರ ಎತ್ತಿದರೆ, ಆ ಕೆಂಪು ಕಿವಿ ಇನ್ನೂ ಎಷ್ಟು ಕೆಂಪಾಗುತ್ತದೋ ನೋಡೋಣ. ಕೇಳಿದರೆ, ಆತುರದಲ್ಲಿ ತಪ್ಪಿಹೋಯಿತು ಎಂದರಾಯಿತು. ಹನ್ನೊಂದು ವರ್ಷದಲ್ಲಿ ಒಂದು ತಪ್ಪು ಯಾರಿಗೂ ಆಗುವುದೇ.

'ಶನಿವಾರದ ಹಾಡು. ಚೆನ್ನಾಗಿ ನೋಡಿಕೊಂಡು ಬನ್ನಿ' ಎಂದು ಬರೆದು ಕಳಿಸಿದಳು. ಎರಡೇ ನಿಮಿಷಕ್ಕೆ ಉತ್ತರ ಬಂತು: 'ತುಂಬಾ ಧನ್ಯವಾದ. ಶ್ರಮಪಟ್ಟು ಕಲಿಯುತ್ತೇನೆ.' ಜೊತೆಗೆ ಬಗ್ಗಿ ನಮಸ್ಕರಿಸುವ ಪುಟ್ಟ ಮೊಲದ ಚಿತ್ರ. ಮೊಲ ಮತ್ತೆ ಮತ್ತೆ ಬಗ್ಗುತ್ತಿತ್ತು. ಮಿನೋರಿ ಫೋನನ್ನು ಬೋರಲು ಹಾಕಿದಳು.

ಶುಕ್ರವಾರ ಅವಳು ಓಸು ಪೇಟೆಯ ವಾದ್ಯದಂಗಡಿಗೆ ವೈರು ಕೊಳ್ಳಲು ಹೋದಳು. ಗಲ್ಲಾದಲ್ಲಿದ್ದ ಹೊಸ ಹುಡುಗ ಅವಳ ಚೀಲದ ಮೇಲಿದ್ದ ತಂಡದ ಬಿಲ್ಲೆ ನೋಡಿ ಕಣ್ಣರಳಿಸಿದ.

"ಹಿದಾಮರಿ! ಆ ಏಳು ತಂತಿ ಹುಡುಗಿ ನಿಮ್ಮವರೇ ಅಲ್ವಾ? ನಿನ್ನೆ ಇಲ್ಲಿಗೆ ಬಂದು ಒಂದು ಗಿಟಾರು ನುಡಿಸಿ ನೋಡಿದ್ರು. ಅಬ್ಬಬ್ಬ! ಡ್ರಮ್ಮು ಕೊಳ್ಳೋಕೆ ಬಂದೋರು ಸಮೇತ ನಿಂತು ಕೇಳಿದ್ರು."

"ಹೌದಾ."

"ನೀವೂ ತಂಡದಲ್ಲಿದೀರಾ? ಏನು ನುಡಿಸ್ತೀರಿ?"

ಮಿನೋರಿ ವೈರಿನ ದುಡ್ಡು ಎಣಿಸಿಟ್ಟು ಹೊರಗೆ ಬಂದಳು. ಮುಂದಿನ ವರ್ಷ ಬರಬೇಕಾಗಿದ್ದ ಪ್ರಶ್ನೆ ಮರುದಿನವೇ ಬಂದಿತ್ತು. ಕಳಿಸಿದ್ದರ ಬಗ್ಗೆ ಒಳಗೊಳಗೆ ಇದ್ದ ಅಳುಕು ಆ ಕ್ಷಣಕ್ಕೆ ಆರಿಹೋಯಿತು. ಒಳ್ಳೆಯದೇ ಮಾಡಿದೆ, ಅನ್ನಿಸಿತು.

ಶನಿವಾರ ಎಲ್ಲರೂ ಹೊತ್ತಿಗೆ ಮೊದಲೇ ಬಂದಿದ್ದರು. ನಿಶಿಗಾಕಿ ಸಾನ್ ಗಾಜಿನ ಆಚೆ ಕೂತು ಕೈ ಬೀಸಿದರು. ಸುಮಿರೆ ಕೂದಲು ಹಿಂದಕ್ಕೆ ಕಟ್ಟಿ, ಕಾಲಗಲಿಸಿ ನಿಂತಳು. ದೈಗೊ ನಾಲ್ಕು ಎಣಿಸಿದ.

ಅವಳ ಮೊದಲ ಏಟಿಗೇ ನೆಲದ ಹಲಗೆ ಅದುರಿತು. ಮಿನೋರಿ ಕೇಳಿಸಿಕೊಳ್ಳುವುದನ್ನು ಬಿಟ್ಟು ಕಾಯುತ್ತಿದ್ದಳು. ಎಂಟು ಸುತ್ತು ಮುಗಿಯಿತು. ಕಾನಾಮೆ ಕಣ್ಣು ಮುಚ್ಚಿ ಹಾಡು ಎತ್ತಿದ. ಅವನದೊಂದು ದಾರಿ, ಗಿಟಾರಿನದೊಂದು ದಾರಿ. ಎರಡೂ ಒಂದಕ್ಕೊಂದು ತಿಕ್ಕಿ, ಹಲ್ಲು ಕಡಿದಂಥ ಸದ್ದು ಹೊರಟಿತು. ಇಸಾಮು ತಂತಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿದ.

"ಇದ್ಯಾವ ಶ್ರುತಿ?" ಕಾನಾಮೆ ಹುಬ್ಬು ಗಂಟಿಕ್ಕಿದ. "ಇದು ಹಳೇದು. ಮೂರು ಮನೆ ಇಳಿಸಿರೋದು ನಿಂಗೆ ಬರಲಿಲ್ವಾ?"

ಸುಮಿರೆ ಒಂದು ಕ್ಷಣ ಸುಮ್ಮನಿದ್ದಳು. ಅವಳು ಮಿನೋರಿಯ ಕಡೆ ತಿರುಗಲಿಲ್ಲ, ಆದರೂ ಆ ಮೌನ ತನ್ನ ಕಡೆಗೇ ತಿರುಗಿದೆ ಎಂದು ಮಿನೋರಿಗೆ ಗೊತ್ತಾಯಿತು. ಈಗ ಹೇಳಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು.

"ನನ್ನ ತಪ್ಪು" ಎಂದಳು ಸುಮಿರೆ, ಗಿಟಾರಿನ ಸಮೇತ ಬಗ್ಗಿ. "ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ. ಒಂದು ನಿಮಿಷ ಕೊಡಿ."

ದಪ್ಪ ತಂತಿಯನ್ನು ಇನ್ನಷ್ಟು ಸಡಿಲಿಸಿದಳು, ಕಿವಿಯಿಟ್ಟು ಕೇಳಿದಳು, ಕೈಯನ್ನು ಮೂರು ಮನೆ ಕೆಳಗೆ ಜಾರಿಸಿದಳು. "ಆಯ್ತು, ದಯವಿಟ್ಟು ಶುರು ಮಾಡಿ" ಎಂದಳು. ದೈಗೊ ಮತ್ತೆ ಎಣಿಸಿದ.

ಈ ಸಲ ಮಿನೋರಿ ಕಿವಿಗೊಟ್ಟು ಕೇಳಿದಳು.

ಗುಡುಗುಡು ಎನ್ನುತ್ತ, ಒಂದು ಹೆಜ್ಜೆ ಕುಂಟುತ್ತ, ಐದು ಸ್ವರಗಳು ನೆಲದಡಿಯಿಂದ ಎದ್ದು ಬಂದವು. ಮೈ ದಪ್ಪವಾಗಿತ್ತು, ತೊಗಟೆ ಒರಟಾಗಿತ್ತು, ಆದರೆ ನಡಿಗೆ ಅದೇ. ಒಂದು ಚಳಿಗಾಲ ಪೂರ್ತಿ ತಾನು ಕಟ್ಟಿದ್ದು. ಹೆತ್ತ ಮಗು ಪಕ್ಕದ ಮನೆಯವಳ ಸೊಂಟದ ಮೇಲೆ ಕೂತು ತನ್ನನ್ನೇ ನೋಡಿ ನಕ್ಕಂತಾಯಿತು. ಮಿನೋರಿಯ ಎಡಗೈ ತೊಡೆಯ ಮೇಲೆ ತಾನಾಗಿಯೇ ಬೆರಳಾಡಿಸಿತು. ಅವಳು ಅದನ್ನು ಬಲಗೈಯಿಂದ ಅದುಮಿ ಹಿಡಿದಳು.

ಕಾನಾಮೆ ಹಾಡು ಎತ್ತುವುದನ್ನೇ ಮರೆತ. ದೈಗೊ ಕಡ್ಡಿಗಳನ್ನು ಮೇಲಕ್ಕೆಸೆದು, "ಅಯ್ಯಪ್ಪ, ನನ್ನ ಹೊಟ್ಟೆ ಒಳಗಿರೋ ಟೋಸ್ಟೆಲ್ಲ ಕುಣೀತಿದೆ!" ಎಂದು ಕೂಗಿದ. ಎಂದೂ ಮಾತಾಡದ ಇಸಾಮು ಕೂಡ "ಇದು" ಎಂದ. ಅಷ್ಟೇ ಅಂದ.

"ಎಲ್ಲಿಂದ ತಂದೆ ಇದನ್ನ?" ಕಾನಾಮೆಯ ಕಣ್ಣು ಹೊಳೆಯುತ್ತಿತ್ತು.

"ನಾನು ತಂದದ್ದಲ್ಲ" ಎಂದಳು ಸುಮಿರೆ. "ಹಳೇ ರೆಕಾರ್ಡಿನಲ್ಲಿತ್ತು. ಇದು ಹೊತ್ತಾ ಸಾನ್ ಅವರ ಎಡಗೈ."

ಎಲ್ಲರೂ ಮಿನೋರಿಯ ಕಡೆ ತಿರುಗಿದರು. ಒಂಬತ್ತು ವರ್ಷದಿಂದ ಅವಳು ಕಾಯುತ್ತಿದ್ದ ಮಾತು ಅದು. ಬೇರೆ ಯಾರ ಬಾಯಿಂದ ಬಂದಿದ್ದರೂ ಸಂತೋಷದಿಂದ ಅಳುತ್ತಿದ್ದಳೇನೋ. ಹೊಸ ರೂಪದಲ್ಲಿ ಎಡಗೈ ಇರಲೇ ಇಲ್ಲ. ಅದನ್ನೇ ಕಳಿಸಿದ್ದರೆ ಈ ಹುಡುಗಿಗೆ ಇದು ಸಿಗುತ್ತಿರಲಿಲ್ಲ. ಅವಳನ್ನು ಬೀಳಿಸಲೆಂದು ತೋಡಿದ ಗುಂಡಿಯಲ್ಲಿ ತಾನೇ ಕೊಪ್ಪರಿಗೆ ಹೂತಿಟ್ಟು ಕೊಟ್ಟ ಹಾಗಾಗಿತ್ತು.

"ನೋಡಿದ್ಯಾ ಮಿನೋರಿ" ಎಂದು ಕಾನಾಮೆ ನಕ್ಕ. "ನಿನ್ನ ಎಡಗೈ ಎಲ್ಲೂ ಹೋಗಿಲ್ಲ. ಸರಿಯಾದ ಜಾಗಕ್ಕೆ ಹೋಗಿದೆ ಅಷ್ಟೆ. ಸೋಮವಾರ ಐದು ಜನ. ಹತ್ತು ನಿಮಿಷ ಬಿಡುವು."

ಹೊರಗಿನ ಓಣಿಯಲ್ಲಿ ತಂಪು ಪಾನೀಯದ ಯಂತ್ರದ ಮುಂದೆ ಮಿನೋರಿ ನಿಂತಿದ್ದಳು. ಬಾರ್ಲಿ ಚಹಾದ ಬಾಟಲಿ ಬಿದ್ದು ಎಷ್ಟೋ ಹೊತ್ತಾಗಿದ್ದರೂ ಬಗ್ಗಿ ತೆಗೆದಿರಲಿಲ್ಲ. ಹಿಂದಿನಿಂದ ಬಂದ ಸುಮಿರೆ ಅದನ್ನು ತೆಗೆದು ಎರಡೂ ಕೈಯಿಂದ ಕೊಟ್ಟಳು.

"ನಿನಗೆ ಗೊತ್ತಿತ್ತು" ಎಂದಳು ಮಿನೋರಿ. ಮೊದಲ ಸಲ ಅವಳನ್ನು ನೀನು ಎಂದಿದ್ದಳು. ಅದು ಸಲಿಗೆಯಿಂದ ಬಂದದ್ದಲ್ಲ.

"ಗೊತ್ತಿತ್ತು. ಕಾನಾಮೆ ಸಾನ್ ದನಿ ಅಷ್ಟು ಎಳೇದಾಗಿ ಈಗೆಲ್ಲಿ ಇದೆ? ಕೇಳಿದ ಕೂಡ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಯಾರನ್ನ ಕೇಳ್ಲಿ? ನಿಮ್ಮನ್ನ ಕೇಳಿದ್ರೆ ನಿಮಗೆ ಅವಮಾನ. ಕಾನಾಮೆ ಸಾನ್‌ನ ಕೇಳಿದ್ರೆ ನಿಮ್ಮ ಮೇಲೆ ದೂರು. ಕಳಿಸಿದವರದ್ದು ತಪ್ಪು ಅಂತ ಬಾಯಿಬಿಟ್ಟ ಸಪೋರ್ಟನ್ನ ಎರಡನೇ ಸಲ ಯಾರೂ ಕರೆಯಲ್ಲ, ಹೊತ್ತಾ ಸಾನ್. ಕಳಿಸಿದ್ದನ್ನ ಕಲಿತೆ. ಈಗಿನ ಹಾಡೆಲ್ಲ ಮೂರು ಮನೆ ಇಳಿಸಿದ್ದೀರಲ್ಲ, ಯಾವುದಕ್ಕೂ ಇರ್ಲಿ ಅಂತ ಇದನ್ನೂ ಹಾಗೇ ಕಲಿತೆ. ಎರಡು ರಾತ್ರಿ ನಿದ್ದೆ ಹೋಯ್ತು."

ಮಿನೋರಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಅದು ಬರಲಿಲ್ಲ.

"ಒಳಗೆ ನಾನು ಸ್ವಲ್ಪ ಹೊತ್ತು ಸುಮ್ನಿದ್ದೆ" ಎಂದಳು ಸುಮಿರೆ. ಈ ಸಲ ಅವಳು ಬಗ್ಗಲಿಲ್ಲ. "ನೀವೇನಾದ್ರೂ ಹೇಳ್ತೀರೇನೋ ಅಂತ ಕಾದೆ. ನಿಮಗೆ ನನ್ನ ಕಂಡ್ರೆ ಆಗಲ್ಲ. ಅದು ಸರಿ, ಅದಕ್ಕೆ ನಾನೇನೂ ಮಾಡೋಕಾಗಲ್ಲ. ಆದ್ರೆ ನನಗೂ ಈ ಜಾಗ ಬೇಕು. ನಾನಂತೂ ಬಿಟ್ಟುಕೊಡಲ್ಲ."

ಅವಳು ಒಳಗೆ ಹೋದಳು. ಬಾಗಿಲು ತನ್ನ ಭಾರಕ್ಕೆ ತಾನೇ ಮೆಲ್ಲಗೆ ಮುಚ್ಚಿಕೊಂಡಿತು.

ಬಗ್ಗದ ಆ ಬೆನ್ನು ನೋಡಿ ಮಿನೋರಿಗೆ ವಿಚಿತ್ರವಾಗಿ ಸಮಾಧಾನವಾಯಿತು. ಇವಳನ್ನು ಬಯ್ಯಬಹುದು. ಇವಳೆದುರು ನಿಲ್ಲಬಹುದು. ಆದರೆ ಇವಳ ಉಪಕಾರ ಹೊತ್ತುಕೊಂಡು ಸೋಮವಾರ ಆ ಫೋಟೋದಲ್ಲಿ ಇವಳ ಪಕ್ಕ ನಿಲ್ಲುವುದು ಮಾತ್ರ ಸಾಧ್ಯವಿಲ್ಲ.

ಅವಳು ಒಳಗೆ ಬಂದಾಗ ಕಾನಾಮೆ ಸುಮಿರೆಯ ಗಿಟಾರನ್ನು ಕೈಗೆತ್ತಿಕೊಂಡು ಏನೋ ಕೇಳುತ್ತಿದ್ದ.

"ಹಳೇದನ್ನ ಕಳಿಸಿದ್ದು ನಾನು" ಎಂದಳು ಮಿನೋರಿ. "ತಪ್ಪಿ ಕಳಿಸಿದ್ದಲ್ಲ. ಬೇಕೂಂತಲೇ."



"ಯಾಕೆ?" ಎಂದ ಕಾನಾಮೆ.

"ಹೊಟ್ಟೆಕಿಚ್ಚು."

 ದೈಗೊ ಕೆಮ್ಮಿದ. "ಹನ್ನೊಂದು ವರ್ಷದಲ್ಲಿ ಇವಳು ತನ್ನ ಬಗ್ಗೆ ಆಡಿದ್ದು ಇದೊಂದೇ ಮಾತು. ಅದೂ ನೋಡಿ ಎಂಥದು!" ಯಾರೂ ನಗಲಿಲ್ಲ. ಅವನೇ ತಲೆ ತಗ್ಗಿಸಿ ಕಡ್ಡಿಯ ತುದಿ ನೋಡಿಕೊಂಡ.

ಕಾನಾಮೆ ಗಿಟಾರನ್ನು ಹಿಂದಕ್ಕೆ ಕೊಟ್ಟ. ಅವನ ಮುಖದಲ್ಲಿ ಸಿಟ್ಟಿಗಿಂತ ದಣಿವಿತ್ತು. "ಇನ್ನು ಹಾಡು ಕಳಿಸೋದು ಇಸಾಮು ನೋಡ್ಕೊಳ್ಳಲಿ" ಎಂದ. ಅಷ್ಟು ಚಿಕ್ಕ ಮಾತು. ಹನ್ನೊಂದು ವರ್ಷದ ಅಚ್ಚುಕಟ್ಟಿನ ಕೆಲಸ ಅವಳ ಕೈಯಿಂದ ಹೋಯಿತು. "ಬ್ಯಾಗು ಎತ್ಕೊಂಡು ಮನೆಗೆ ಹೋಗ್ತೀಯೋ, ಇಲ್ಲೇ ಇರ್ತೀಯೋ?"

"ಇರ್ತೀನಿ. ಆದ್ರೆ ನನ್ನದನ್ನ ರೆಕಾರ್ಡ್ ಮಾಡಿಟ್ಟು ಓಡಿಸಬೇಡ. ನಾನಿದ್ರೆ ನಾನೇ ನುಡಿಸ್ತೀನಿ. ನುಡಿಸೋ ಹಾಗಿಲ್ಲ ಅಂದ್ರೆ ಫೋಟೋದಲ್ಲೂ ನಿಲ್ಲಲ್ಲ."

"ಶುರು ಗಿಟಾರಿಂದೇ" ಎಂದ ಕಾನಾಮೆ. ದನಿಯಲ್ಲಿ ಇನ್ನೂ ಮೃದುತನ ಬಂದಿರಲಿಲ್ಲ. "ಎಂಟು ಸುತ್ತು ಅವಳು ಒಬ್ಬಳೇ. ಒಂಬತ್ತನೇದಕ್ಕೆ ನೀನು ಬಾ. ಬಲಗೈ ಮಾತ್ರ. ಹಳೇ ಸಿಹಿ ಬೇಡ. ನಿಂಗೆ ಆಗದಿದ್ರೆ ಇವತ್ತೇ ಹೇಳು."

ಮಿನೋರಿ ಕೂತಳು. ಎಡಗೈಯನ್ನು ತೊಡೆಯ ಕೆಳಗೆ ತೂರಿಸಿ ಅದರ ಮೇಲೆ ಭಾರ ಹಾಕಿದಳು. ದೈಗೊ ಎಣಿಸಿದ.

ಗಿಟಾರು ಎದ್ದಿತು. ಒಂದು ಸುತ್ತು, ಎರಡು ಸುತ್ತು. ಅವಳ ಐದು ಸ್ವರಗಳು ಬೇರೊಬ್ಬಳ ಕೈಯಲ್ಲಿ ಕೋಣೆಯ ತುಂಬ ಕಾಲು ಚಾಚಿ ನಡೆದವು. ಎಷ್ಟು ಚೆನ್ನಾಗಿ ನುಡಿಸುತ್ತಾಳೆ ಎಂದು ಮಿನೋರಿಗೆ ಅನ್ನಿಸಿತು. ಅದು ಅನ್ನಿಸಿದ್ದಕ್ಕೆ ಮೈಯೆಲ್ಲ ಉರಿಯಿತು. ಮೂರನೆಯ ಸುತ್ತಿನಲ್ಲಿ ಸುಮಿರೆ ಕುಂಟುವ ಹೆಜ್ಜೆಯ ಮೇಲೆ ಬೇಕೆಂದೇ ಒಂದಿಷ್ಟು ಹೆಚ್ಚು ಹೊತ್ತು ನಿಂತಳು. ಮಿನೋರಿ ಎಂದೂ ಹಾಗೆ ನಿಂತಿರಲಿಲ್ಲ. ಅಲ್ಲಿ ನಿಲ್ಲಬಹುದು ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಇನ್ನು ತಡೆಯಲಾಗಲಿಲ್ಲ. ನಾಲ್ಕನೆಯ ಸುತ್ತಿಗೆ, ಯಾರೂ ಕರೆಯದೆ, ಅವಳು ಕೀಬೋರ್ಡಿನ ತೀರಾ ಮೇಲಿನ ತುದಿಗೆ ಬಲಗೈ ಎತ್ತಿ ಹೊಡೆದಳು. ಹಳೆಯ ರಾಗದ ಮೊದಲ ಸ್ವರವೇ, ಆದರೆ ಅದರ ಪಕ್ಕದ ಸ್ವರವನ್ನೂ ಸೇರಿಸಿ, ಒಂದನ್ನೊಂದು ಕಚ್ಚುವಂತೆ. ಗಾಜಿಗೆ ಕಲ್ಲು ಬಿದ್ದಂಥ ಸದ್ದು. ಮತ್ತೆ ಹೊಡೆದಳು. ಸುಮಿರೆ ಸರಕ್ಕನೆ ತಿರುಗಿ ನೋಡಿದಳು. ನಿಲ್ಲಿಸಲಿಲ್ಲ. ಮೀಟುವ ಕೈಯನ್ನು ಇನ್ನಷ್ಟು ಬಿಗಿ ಮಾಡಿ, ಅವಳ ಸದ್ದನ್ನು ಮುಚ್ಚಿಬಿಡುವ ಹಾಗೆ ಒತ್ತಿದಳು. ಮಿನೋರಿ ಅದರ ಮೇಲೆ ಹತ್ತಿದಳು. ದೈಗೊ ಹಲ್ಲು ಕಿರಿದು, ಯಾರ ಅಪ್ಪಣೆಗೂ ಕಾಯದೆ ಡ್ರಮ್ಮು ಬಾರಿಸುತ್ತ ಇಬ್ಬರ ನಡುವೆ ನುಗ್ಗಿದ.

ನಿಲ್ಲಿಸಿ ಎನ್ನಲು ಕಾನಾಮೆ ಕೈ ಎತ್ತಿದ. ಗಾಜಿನ ಆಚೆ ನಿಶಿಗಾಕಿ ಸಾನ್ ತಾಳಕ್ಕೆ ತಲೆಯಾಡಿಸುತ್ತ ಕುರ್ಚಿಯಿಂದ ಎದ್ದು ನಿಂತಿದ್ದರು. ಕಾನಾಮೆ ಎತ್ತಿದ ಕೈಯನ್ನು ಹಾಗೇ ತಂದು ಮೈಕು ಹಿಡಿದ. ಎಂಟನೆಯ ಸುತ್ತು ಬರುತ್ತಿತ್ತು. ಮಿನೋರಿ ಅವನ ಕಡೆ ನೋಡಲಿಲ್ಲ. ಅವಳ ಕಣ್ಣು ಸುಮಿರೆಯ ಬೆರಳುಗಳನ್ನು ಬಿಟ್ಟು ಕದಲಲಿಲ್ಲ.